ಇಳಿಜಾರು ಹುಡುಕುತ್ತಿದ್ದ ಕಾರು

ಹಾಸನದಲ್ಲಿ ನನ್ನ ಗ್ಯಾರೇಜನ್ನು ಪೂರ್ತಿ ಮುಚ್ಚಿದ ಮೇಲೂ ಹುಡುಗರು ಮನೆಗೆ ಬರುತ್ತಾರೆ. ಕೆಲವರು ಐ.ಟಿ.ಐ. ಮುಗಿಸಿದವರು, ಕೆಲವರು ಷೋರೂಮಿನಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದವರು. "ನಿಮ್ಮ ಕಾಲದ ಡೀಸೆಲ್ ಕಾರು ಎಂಗಿರ್ತಿತ್ತು ಸಾ, ಒಸಿ ಬರೆದಿಡಿ" ಎನ್ನುತ್ತಾರೆ. ಬರೆಯಲು ನನಗೇನೂ ಅಡ್ಡಿಯಿಲ್ಲ, ಬರೆದದ್ದನ್ನು ನಂಬಲು ಮಾತ್ರ ಅಡ್ಡಿ. ಮೈಸೂರಿನಲ್ಲಿ ಭೌತಶಾಸ್ತ್ರ ಓದುವಾಗ ನಮಗೆ ಮೊದಲು ಕಲಿಸಿದ್ದು, ಒಂದೇ ಸಲ ಅಳೆದದ್ದನ್ನು ಅಳತೆ ಎನ್ನಬೇಡ ಎಂದು. ನೆನಪು ಒಂದೇ ಸಲ ಅಳೆದದ್ದು. ಆಮೇಲೆ ಅಳತೆಗೋಲೂ ಕಳೆದುಹೋಗಿರುತ್ತದೆ.

ಈಚೆಗೆ ತಮ್ಮನ ಮಗನ ಕಾರಿನಲ್ಲಿ ಅರಕಲಗೂಡಿಗೆ ಹೋಗಿದ್ದೆ. ಊರು ಇನ್ನೇನು ಬಂತು ಎನ್ನುವಲ್ಲಿ ಎಡಕ್ಕೆ ಒಂದು ಹುಣಿಸೆಮರ, ಅದರ ಬುಡದಿಂದ ಉದ್ದಕ್ಕೆ ಒಂದು ಇಳಿಜಾರು ಇರಬೇಕು. ಆ ಇಳಿಜಾರಿನಲ್ಲಿ ನನ್ನ ಬದುಕಿನ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಕಾರು ನಿಲ್ಲಿಸಲು ಹೇಳಿ ಇಳಿದು ನೋಡಿದೆ. ಹುಣಿಸೆಮರ ಇತ್ತು. ನೆಲ ಮಾತ್ರ ನೀರು ಚೆಲ್ಲಿದರೆ ಚೆಲ್ಲಿದಲ್ಲೇ ನಿಲ್ಲುವಷ್ಟು ಸಮವಾಗಿತ್ತು. ರಸ್ತೆಯನ್ನು ತಗ್ಗಿಸಿ ಏರಿಸಿ ಸಮ ಮಾಡಿರಬಹುದು. ಇಲ್ಲವೇ ಆ ಇಳಿಜಾರನ್ನು ನಾನೇ ಕನಸಿನಲ್ಲಿ ಕಟ್ಟಿರಬಹುದು. ಎರಡರಲ್ಲಿ ಯಾವುದು ಎಂದು ಹೇಳಲಾರೆ. ಮುಂದಿನದನ್ನು ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಗ್ಯಾರೇಜು ಹೇಗೆ ಬೆಳೆಯಿತು, ಯಾರ್ಯಾರ ಕಾರು ಬಂತು ಎಂಬುದರಲ್ಲಿ ಹೇಳುವಂಥದ್ದೇನೂ ಇಲ್ಲ. ಈ ಕೆಲಸ ನಿಜಕ್ಕೂ ಏನು ಎಂದು ನನಗೆ ತಿಳಿದದ್ದು ಗ್ಯಾರೇಜಿಗೂ ಮುಂಚೆ, ಐವತ್ತರ ದಶಕ ಕಳೆದು ಅರವತ್ತು ಬರುವ ಹೊತ್ತಿಗೆ, ಹೊಳೆನರಸೀಪುರದ ಒಂದು ಕಾರಿನಿಂದ.

ಪದವಿ ಮುಗಿಸಿ ನಾನು ಅಲ್ಲಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ನಿಂತಲ್ಲಿ ನಿಲ್ಲುವ ಸ್ವಭಾವ ನನ್ನದಲ್ಲ. ಎರಡನೆಯ ವರ್ಷ ಅದೇ ಪಾಠ, ಅದೇ ಸನ್ನೆಕೋಲು, ಅದೇ ರಾಟೆ ಬಂದಾಗ ಬಿಟ್ಟುಬಿಟ್ಟೆ. ಪೇಟೆ ಬೀದಿಯಲ್ಲಿ ಗೌರಮ್ಮನವರು ಎಂಬ ಹೆಂಗಸಿನ ಕಾರು ಓಡಿಸಲು ಜನ ಬೇಕೆಂದು ಯಾರೋ ಹೇಳಿದರು. ಅವರ ಗಂಡ ಮಹದೇವಪ್ಪನವರು ಕೊಬ್ಬರಿ, ಅಕ್ಕಿ ವ್ಯಾಪಾರದವರು. ಸಕಲೇಶಪುರದ ಕಡೆಯ ಕಾಫಿ ತೋಟದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಹಿಂದಿರುಗುವಾಗ ಮಾರಿದ ಕಪ್ಪು ಬಣ್ಣದ ಜರ್ಮನಿ ಕಾರನ್ನು ಕೊಂಡು ತಂದಿದ್ದರು. ಆಗ ಡೀಸೆಲ್ಲಿಗೆ ನಮ್ಮ ಕಡೆ ಕ್ರೂಡಾಯಿಲ್ ಎನ್ನುತ್ತಿದ್ದರು. ಕ್ರೂಡಾಯಿಲಿನಲ್ಲಿ ಲಾರಿ ಓಡುತ್ತದೆ, ಗಿರಣಿ ಓಡುತ್ತದೆ, ಕಾರೂ ಓಡುತ್ತದೆ ಎಂದರೆ ಜನ ನಗುತ್ತಿದ್ದರು. ಕಾರು ಬಂದ ಸ್ವಲ್ಪ ಕಾಲಕ್ಕೆ ಮಹದೇವಪ್ಪನವರು ತೀರಿಕೊಂಡರು. ಮಕ್ಕಳಿರಲಿಲ್ಲ. ಗೌರಮ್ಮನವರು ಕಾರನ್ನು ಬಾಡಿಗೆಗೆ ಬಿಟ್ಟು ಬದುಕುವುದೆಂದು ನಿಶ್ಚಯಿಸಿದರು.

ಜಗಲಿಯ ಮೇಲೆ ಕೂತು ಅವರು ನನ್ನನ್ನು ಪರೀಕ್ಷೆ ಮಾಡಿದ್ದು ನೆನಪಿದೆ.

"ಮೇಷ್ಟ್ರ ಕೆಲ್ಸ ಯಾಕ್ ಬಿಟ್ರಿ?"

"ಒಂದೇ ಪಾಠಾನ ವರ್ಷವರ್ಷ ಹೇಳಕ್ಕೆ ಬೇಜಾರಾಯ್ತಮ್ಮ."

"ಇಲ್ಲೂ ಒಂದೇ ರಸ್ತೆ ಅಲ್ವೇನ್ರೀ?"

"ರಸ್ತೆ ದಿನಕ್ಕೊಂದು ಥರ ಕೆಟ್ಟಿರ್ತದಲ್ಲಮ್ಮ."

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದರು. ಈ ಬರಹದಲ್ಲಿ ನಾನು ಪೂರ್ತಿ ನಂಬುವ ಕೆಲವೇ ಮಾತುಗಳಲ್ಲಿ ಅದೊಂದು, ಏಕೆಂದರೆ ಅದನ್ನು ಅವರ ಬಾಯಲ್ಲೂ ಕೇಳಿದ್ದೇನೆ, ಅವರ ಮೈದುನ ರುದ್ರಪ್ಪನವರ ಬಾಯಲ್ಲೂ ಕೇಳಿದ್ದೇನೆ. ರುದ್ರಪ್ಪನವರಿಗೆ ಊರಾಚೆ ಒಂದು ಅಕ್ಕಿ ಗಿರಣಿ ಇತ್ತು. ಅಲ್ಲಿಗೆ ಕರೆಂಟು ಬಂದಿರಲಿಲ್ಲ. ಹಳೆಯ ಎಂಜಿನ್ನು ಸವೆದು ಹೋಗಿತ್ತು. ಅಣ್ಣನ ಕಾರಿನ ಎಂಜಿನ್ನನ್ನು ಬಿಚ್ಚಿ ಗಿರಣಿಗೆ ಕೂರಿಸಬೇಕು ಎಂಬುದು ಅವರ ಆಸೆ. ಗೌರಮ್ಮನವರು ಒಪ್ಪಲಿಲ್ಲ. ಕೊನೆಗೆ ನೆಂಟರೆಲ್ಲ ಕೂತು ಒಂದು ಒಪ್ಪಂದ ಮಾಡಿದರು: ಕಾರು ತಾನಾಗಿ ಓಡುವಷ್ಟು ದಿನ ಗೌರಮ್ಮನವರದು; ಹೊಳೆನರಸೀಪುರದ ಬೀದಿಯಲ್ಲಿ ನಾಲ್ಕು ಜನರೆದುರು ಅದನ್ನು ತಳ್ಳುವ ದಿನ ಬಂದರೆ ಎಂಜಿನ್ನು ಗಿರಣಿಗೆ.

"ಕಾರ್ ಹೋದ್ರೆ ನಾನು ರುದ್ರಪ್ಪನ ಮನೇಲಿ ರೊಟ್ಟಿ ತಟ್ಕೊಂಡು ಇರ್ಬೇಕಾಯ್ತದೆ ಮೇಷ್ಟ್ರೇ" ಎಂದರು ಗೌರಮ್ಮನವರು. "ಅವ್ನು ಒಳ್ಳೇವ್ನೇ. ಆದ್ರೆ ಅವ್ನ ಮನೆ ಅವಂದು."

ಕೆಲಸಕ್ಕೆ ಸೇರುವ ಹುಡುಗರಿಗೆ ಇದನ್ನೇ ಮೊದಲು ಹೇಳುತ್ತೇನೆ. ಕಾರು ಕೆಟ್ಟರೆ ಏನು ಕೆಟ್ಟಿತು ಎಂದು ನೋಡುವ ಮುಂಚೆ, ಅದು ಕೆಟ್ಟರೆ ಯಾರ ಬದುಕು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಬೋಲ್ಟು ಬಿಗಿಯುವ ಕೈ ತಾನಾಗಿ ನಿಧಾನವಾಗುತ್ತದೆ.

ಆ ಕಾರು ಹೊರಡುವ ರೀತಿಯೇ ಬೇರೆ. ಕೀಲಿ ಹಾಕಿ, ಒಂದು ಗುಂಡಿಯನ್ನು ಅರ್ಧ ಎಳೆದು ಹಿಡಿದುಕೊಂಡು ಕಾಯಬೇಕು. ಒಳಗೆ ಹೀಟರ್ ಪ್ಲಗ್ಗುಗಳು ಕಾಯುತ್ತವೆ. ಅವು ಕಾದವೋ ಇಲ್ಲವೋ ತಿಳಿಯಲು ಮುಂದುಗಡೆಯ ಹಲಗೆಯಲ್ಲಿ ಜರಡಿಯಂಥ ಒಂದು ಸಣ್ಣ ಕಿಂಡಿ, ಅದರೊಳಗೊಂದು ತಂತಿಸುರುಳಿ. ಸುರುಳಿ ಮೊದಲು ಕಂದು, ಆಮೇಲೆ ಕೆಂಪು, ಆಮೇಲೆ ಕೆಂಡ. ಆಗ ಗುಂಡಿಯನ್ನು ಪೂರ್ತಿ ಎಳೆದರೆ ಸೆಲ್ಫ್ ಮೋಟಾರು ತಿರುಗಿ ಎಂಜಿನ್ನು ಹತ್ತಿಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಹಾಸನದಲ್ಲಿ ಮಂಜು ಗಾಜಿನ ಮೇಲೆ ಕೂತಿರುವಾಗ, ಆ ಸಣ್ಣ ಕೆಂಪನ್ನೇ ನೋಡುತ್ತಾ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ಕೊಣನೂರಿನ ಕಡೆಯ ಒಬ್ಬ ಅಜ್ಜಿ ಅದನ್ನು ನೋಡಿ ಎರಡೂ ಕೈ ಮುಗಿದು, "ದೀಪ ಅಚ್ಚಿದ್ರಾ ಸಾಮಿ, ಒಳ್ಳೇದಾಯ್ತು, ಇನ್ನು ಒರಡಿ" ಎಂದಳು. ಅವಳಿಂದಲೋ ಏನೋ, ಆಮೇಲೆ ಎಷ್ಟೋ ಜನ ಕೈ ಮುಗಿದರು. ನಾನು ಯಾವ ದೇವರನ್ನೂ ನಂಬಿದವನಲ್ಲ. ಆದರೂ ಎಂಜಿನ್ನು ಹತ್ತಿಕೊಳ್ಳುವ ಮುಂಚಿನ ಆ ಮೌನದಲ್ಲಿ ನನ್ನ ಅನುಮಾನವೂ ಬಾಯಿ ಮುಚ್ಚಿಕೊಂಡಿರುತ್ತಿತ್ತು.

ಇನ್ನೊಂದು ವಿಶೇಷ, ಎಂಜಿನ್ನು ಒಮ್ಮೆ ಹತ್ತಿಕೊಂಡರೆ ಅದಕ್ಕೆ ಕೀಲಿಯ ಹಂಗಿಲ್ಲ; ನಿಲ್ಲಿಸಬೇಕೆಂದರೆ ಅದೇ ಗುಂಡಿಯನ್ನು ಒಳಕ್ಕೆ ಒತ್ತಬೇಕು. ಪೆಟ್ರೋಲ್ ಕಾರಿನ ಹಾಗೆ ಕಿಡಿಯಿಂದ ಉರಿಯುವುದಲ್ಲ. ಗಾಳಿಯನ್ನು ಅದುಮಿದ ಬಿಸಿಗೇ ಎಣ್ಣೆ ಉರಿಯುತ್ತದೆ. ಚನ್ನರಾಯಪಟ್ಟಣದ ಕೆರೆ ಏರಿಯ ಮೇಲೆ ಒಬ್ಬ ಅಧಿಕಾರಿಗೆ ನನ್ನ ಮೇಲೆ ಸಿಟ್ಟು ಬಂತು. ತನ್ನ ಮಾವನ ಮನೆಗೆ ಬಳಸಿಕೊಂಡು ಹೋಗು ಎಂದರೆ ನಾನು ಒಲ್ಲೆ ಎಂದಿದ್ದೆ. ಪಕ್ಕದಲ್ಲಿ ಕೂತವನು ಕೈ ಚಾಚಿ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಈಗ ಅದ್ಹೇಗೆ ಓಡಿಸ್ತೀಯೋ ನೋಡ್ತೀನಿ."

ಕಾರು ಓಡುತ್ತಲೇ ಇತ್ತು. ಕೆರೆ ಏರಿ ಮುಗಿಯಿತು, ಪೇಟೆ ಬಂತು, ಆತ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇಳಿಯುವಾಗ ಕೀಲಿಯನ್ನು ಸೀಟಿನ ಮೇಲಿಟ್ಟು, "ಏನಯ್ಯಾ ಇದು, ದೆವ್ವ ಹಿಡಿದೈತಾ?" ಎಂದ. ನಾನು ಭೌತಶಾಸ್ತ್ರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆತ ಹೊರಟುಹೋದ.

ಕಾರನ್ನು ಕಾಯುವುದೆಂದರೆ ಮುಖ್ಯವಾಗಿ ಎಣ್ಣೆಯನ್ನು ಕಾಯುವುದು. ಪೀಪಾಯಿಯಲ್ಲಿ ಬರುವ ಕ್ರೂಡಾಯಿಲಿನಲ್ಲಿ ನೀರಿರುತ್ತಿತ್ತು, ತುಕ್ಕಿನ ಪುಡಿ ಇರುತ್ತಿತ್ತು. ಹಳೆಯ ಪಂಚೆಯನ್ನು ಮಡಿಸಿ, ಕೊಳವೆಯ ಬಾಯಿಗೆ ಕಟ್ಟಿ ಸೋಸುತ್ತಿದ್ದೆ. ಎಂಜಿನ್ನಿನ ಒಳಗು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುವುದು. ಹೊಗೆ ಕಪ್ಪಾದರೆ ಎಣ್ಣೆ ಹೆಚ್ಚು, ಬಿಳಿಯಾದರೆ ಉರಿ ಕಡಿಮೆ, ನೀಲಿಯಾದರೆ ಎಂಜಿನ್ನು ತನ್ನ ಕೀಲೆಣ್ಣೆಯನ್ನೇ ಕುಡಿಯುತ್ತಿದೆ ಎಂದು ಅರ್ಥ. ಈಗ ನೀವು ಒಂದು ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ರೋಗದ ಹೆಸರು ಬರುತ್ತದೆ. ಅದು ಒಳ್ಳೆಯದೇ. ನನ್ನ ಕಿವಿಯನ್ನು ನಾನು ಆಗಲೂ ಅಷ್ಟಾಗಿ ನಂಬಿರಲಿಲ್ಲ. ಒಂದು ದಿನ ಕೇಳಿದ ಟಕಟಕ ಮಾರನೆಯ ದಿನ ಕೇಳದಿದ್ದರೆ, ತಪ್ಪು ಎಂಜಿನ್ನಿನದೋ ನನ್ನದೋ ಎಂದು ಒದ್ದಾಡುತ್ತಿದ್ದೆ.

ಒಂದು ಪೆದ್ದುತನವನ್ನೂ ಹೇಳಬೇಕು. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಮುಗಿಯಲು ಬಿಡಬಾರದು. ಕೊಳವೆಯೊಳಗೆ ಗಾಳಿ ಸೇರಿಕೊಂಡರೆ ಆಮೇಲೆ ಎಣ್ಣೆ ಸುರಿದರೂ ಪಂಪಿಗೆ ಸಿಕ್ಕುವುದಿಲ್ಲ. ತಿರುಪು ಸಡಿಲಿಸಿ ಕೈಯಿಂದ ಪಂಪು ಒತ್ತಿ ಒತ್ತಿ ಗುಳ್ಳೆಗಳನ್ನೆಲ್ಲ ಹೊರಗೆ ಹಾಕಬೇಕು. ಇದೆಲ್ಲ ಗೊತ್ತಿದ್ದೂ, ಏನೋ ಯೋಚನೆಯಲ್ಲಿ, ಕೊಣನೂರಿನ ಸಂತೆಯ ದಿನ ಸಂತೆ ಬಯಲಿನ ಪಕ್ಕದಲ್ಲೇ ಎಣ್ಣೆ ಮುಗಿಸಿಕೊಂಡೆ. ನನ್ನ ಹೆದರಿಕೆ ಎಂಜಿನ್ನಿನ ಬಗ್ಗೆ ಇರಲಿಲ್ಲ, ಜನರ ಬಗ್ಗೆ ಇತ್ತು. ನಮ್ಮ ಕಡೆಯ ಜನಕ್ಕೆ ನಿಂತ ಕಾರು ಕಂಡರೆ ತಳ್ಳದೆ ಇರಲಾಗುವುದಿಲ್ಲ. ಕೇಳುವುದಿಲ್ಲ, ಹೇಳುವುದಿಲ್ಲ, ಬಂದು ಕೈ ಹಚ್ಚಿಬಿಡುತ್ತಾರೆ. ಒಪ್ಪಂದ ಹೊಳೆನರಸೀಪುರದ ಬೀದಿಯದೇ ಇರಬಹುದು, ಆದರೆ ಸಂತೆಯಲ್ಲಿ ಆದದ್ದು ಸಂಜೆಯೊಳಗೆ ರುದ್ರಪ್ಪನವರ ಗಿರಣಿಗೆ ಮುಟ್ಟುತ್ತದೆ.

"ಏಯ್, ಬಂದ್ರಲಾ, ಕಾರ್ ನಿಂತೋಗೈತೆ, ಒಂದ್ ಕೈ ಆಕ್ರಲಾ!" ಎಂದು ಮೆಣಸಿನಕಾಯಿ ಮಾರುವವನೊಬ್ಬ ಕೂಗಿದ.

"ಯಾರೂ ಮುಟ್ಟಬೇಡಿ!" ಎಂದು ಕಿರುಚಿ ನಾನು ಕಾರಿನ ಹಿಂದೆ ಅಡ್ಡ ನಿಂತೆ.

"ಯಾಕ್ ಸಾ, ನಾವು ಮುಟ್ಟಿದ್ರೆ ಮೈಲಿಗೆಯಾ?"

ಆ ಮಾತು ನನಗೆ ಚುಚ್ಚಿತು. "ಅಲ್ಲಪ್ಪಾ, ಗಾಳಿ ಸೇರ್ಕೊಂಡೈತೆ. ಈಗ ತಳ್ಳಿದ್ರೆ ಕೆಡ್ತದೆ. ಕೂತ್ಕೊ, ಗಾಳಿ ಎಂಗ್ ತೆಗೀತಾರೆ ನೋಡು" ಎಂದೆ. ಸಂತೆಗೆ ಸಂತೆಯೇ ಸುತ್ತ ಕೂತುಬಿಟ್ಟಿತು. ತಿರುಪಿನ ಸಂದಿಯಿಂದ ನೊರೆನೊರೆಯಾಗಿ ಗುಳ್ಳೆ ಬರುತ್ತಿದ್ದರೆ ಮಕ್ಕಳು ಕೇಕೆ ಹಾಕಿದರು. ಗುಳ್ಳೆ ನಿಂತು ತಿಳಿ ಎಣ್ಣೆ ಬಂದಾಗ ಮೆಣಸಿನಕಾಯಿಯವನು ಗಂಭೀರವಾಗಿ, "ಒಟ್ಟೆನೋವು ವಾಸಿಯಾಯ್ತು ಬುಡಿ" ಎಂದ. ಶಾಲೆ ಬಿಟ್ಟ ಮೇಲೆ ನಾನು ಮಾಡಿದ ಒಳ್ಳೆಯ ಪಾಠ ಅದೊಂದೇ ಇರಬೇಕು.

ಆಮೇಲೆ ಸೆಲ್ಫ್ ಹೋಯಿತು. ಯಾವ ತಿಂಗಳು ಎಂದು ಹೇಳಲಾರೆ. ಅವರೆಕಾಯಿ ಕಾಲ ಮುಗಿದು ಬಿಸಿಲು ಏರುತ್ತಿತ್ತು. ಸೆಲ್ಫಿನ ಹಲ್ಲುಗಳು ಮುರಿದಿದ್ದವು. ಬೊಂಬಾಯಿಗೆ ಬರೆದರೆ, ಹೊರದೇಶದ ಮಾಲು, ಬಂದಾಗ ತಿಳಿಸುತ್ತೇವೆ ಎಂದರು. ಕೈಯಿಂದ ತಿರುಗಿಸಿ ಹೊರಡಿಸುವ ಕಾರಲ್ಲ ಅದು, ಡೀಸೆಲ್ಲಿನ ಒತ್ತಡಕ್ಕೆ ತೋಳು ಮುರಿಯುತ್ತದೆ. ಉಳಿದದ್ದು ಎರಡೇ ದಾರಿ: ಜನ ತಳ್ಳಬೇಕು, ಇಲ್ಲವೇ ಭೂಮಿ ತಳ್ಳಬೇಕು.

ಗೌರಮ್ಮನವರಿಗೆ ಹೇಳಿದೆ. ಅವರು ಅಡಕೆ ಕತ್ತರಿಸುತ್ತಲೇ ಕೇಳಿದರು.

"ಭೂಮಿ ತಳ್ಳಿದ್ರೆ ಒಪ್ಪಂದ ಮುರಿದಂಗಾಯ್ತದಾ ಮೇಷ್ಟ್ರೇ?"

"ಭೂಮಿ ತಳ್ಳೋದು ನಾಲ್ಕು ಜನಕ್ಕೆ ಕಾಣಲ್ಲಮ್ಮ."

"ಹಂಗಾರೆ ಅದೇ ತಳ್ಳಲಿ."

ಅಂದಿನಿಂದ ಸೀಮೆಯನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು. ಊರುಗಳಿಗೆ ಹೆಸರಿರಲಿಲ್ಲ, ಇಳಿಜಾರಿನ ವಾಟ ಇತ್ತು. ಹಾಸನ ಎಂದರೆ ಬಸ್ ಸ್ಟ್ಯಾಂಡಿನ ಆಚೆ ಸದ್ದಿಲ್ಲದೆ ಜಾರುವ ಒಂದು ಅಡ್ಡರಸ್ತೆ. ಚನ್ನರಾಯಪಟ್ಟಣ ಎಂದರೆ ಕೆರೆ ಏರಿಯಿಂದ ಇಳಿಯುವ ದಾರಿ. ಹೊಳೆನರಸೀಪುರ ಎಂದರೆ ಹೊಳೆಯ ಕಡೆಗೆ ಬಾಗಿದ ಒಂದು ಓಣಿ. ಪೇಟೆ ಬೀದಿ ಮಾತ್ರ ಹಾಸುಗಲ್ಲಿನಂತೆ ಸಮ, ಅಲ್ಲಿ ನಾನು ಎಂಜಿನ್ನು ನಿಲ್ಲಿಸುತ್ತಲೇ ಇರಲಿಲ್ಲ. ಗೌರಮ್ಮನವರ ಮನೆ ಹಿತ್ತಿಲು ಓಣಿಗೆ ತೆರೆದದ್ದು ನಮ್ಮ ಪುಣ್ಯ. ಎಲ್ಲಿಗೆ ಹೋದರೂ ಏರು ನೋಡಿ, ಕಾರಿನ ತಲೆಯನ್ನು ತಗ್ಗಿಗೆ ಮಾಡಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುವುದು. ಹೊರಡುವಾಗ ಹೀಟರ್ ಕಾಯಿಸಿ, ಕಲ್ಲು ತೆಗೆದು, ಕ್ಲಚ್ಚು ತುಳಿದು, ಬ್ರೇಕು ಬಿಡುವುದು. ಆಗ ಒಂದು ಗಳಿಗೆ ಬರುತ್ತಿತ್ತು. ಅಷ್ಟು ಭಾರದ ಕಾರು ಏನೂ ಸದ್ದಿಲ್ಲದೆ, ತಾನೇ ಮನಸ್ಸು ಮಾಡಿದ ಹಾಗೆ, ಚಲಿಸಲು ತೊಡಗುತ್ತಿತ್ತು. ಗಾಲಿಯಡಿಯ ಮಣ್ಣಿನ ಸರಸರ, ಪಕ್ಕದ ಹೊಲದ ಹಕ್ಕಿ, ಹಿಂದೆ ಕೂತವರ ಉಸಿರು, ಎಲ್ಲ ಕೇಳುತ್ತಿತ್ತು. ಆಮೇಲೆ ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಮೈಯೆಲ್ಲ ನಡುಗಿ ಎಂಜಿನ್ನು ಎಚ್ಚರವಾಗುತ್ತಿತ್ತು. ಆ ಮೌನದ ಗಳಿಗೆ ಎಷ್ಟು ಉದ್ದವಿತ್ತು? ಲೆಕ್ಕ ಹಾಕಿದರೆ ಕೆಲವೇ ಕ್ಷಣ ಇರಬೇಕು. ನನ್ನ ನೆನಪಿನಲ್ಲಿ ಅರಕಲಗೂಡಿನ ಹುಣಿಸೆಮರದಿಂದ ಊರಿನವರೆಗೂ ನಾವು ಹಾಗೇ ತೇಲಿಕೊಂಡು ಹೋಗುತ್ತೇವೆ.

ಜನರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಹಿರೀಸಾವೆಯ ರಸ್ತೆ ಬದಿಯ ಹೋಟೆಲಿನವನು ನನ್ನನ್ನು ಬಿಡುತ್ತಲೇ ಇರಲಿಲ್ಲ.

"ಏನ್ಸಾ, ಎಲ್ರೂ ಬಾಗ್ಲಲ್ಲೇ ನಿಲ್ಸಿದ್ರೆ ನೀವು ಕಾರ್ನ ಅಷ್ಟ್ ದೂರ ಕಟ್ಟಾಕ್ಬುಟ್ಟು ಬತ್ತೀರ. ಆಯ್ತದಾ ಅದು?"

"ನೆರಳು ಹುಡುಕ್ತೀನಪ್ಪ."

"ಅಲ್ಲಿ ನೆರಳೆಲ್ಲೈತೆ ಸಾ? ಬಿಸಿಲಲ್ಲಿ ಒಣಗ್ಕೊಂಡ್ ನಿಂತದೆ ಪಾಪ."

ನನ್ನ ಹಳೆಯ ಪ್ರೊಫೆಸರೊಬ್ಬರು ಮೈಸೂರಿನಿಂದ ಬಂದಾಗ ದೊಡ್ಡಗದ್ದವಳ್ಳಿಯ ದೇವಸ್ಥಾನ ನೋಡಲು ಕರೆದುಕೊಂಡು ಹೋಗಿದ್ದೆ. ದೇವಸ್ಥಾನ ನೋಡುವ ಮುಂಚೆ ನಾನು ಇಳಿದು ನೆಲ ನೋಡಿದೆ, ಅಂಗೈ ಅಡ್ಡ ಹಿಡಿದು ವಾಟ ಅಳೆದೆ, ಕಾರನ್ನು ಎರಡು ಸಲ ತಿರುಗಿಸಿ ನಿಲ್ಲಿಸಿದೆ. ಅವರು ಕೊಡೆ ಊರಿಕೊಂಡು ಎಲ್ಲವನ್ನೂ ನೋಡಿದರು. ಹೊರಡುವಾಗ ಸದ್ದಿಲ್ಲದೆ ಜಾರಿ ಎಂಜಿನ್ನು ಹತ್ತಿಕೊಂಡಾಗ ನನ್ನ ಭುಜ ತಟ್ಟಿ, "ಕೊನೆಗೂ ಗುರುತ್ವಾಕರ್ಷಣೆ ಓದಿದೆಯಲ್ಲೋ" ಎಂದರು. ಕ್ಲಾಸಿನಲ್ಲಿ ಅವರು ನನ್ನನ್ನು ಹೊಗಳಿದ್ದಿಲ್ಲ.

ರುದ್ರಪ್ಪನವರು ಬೀದಿಯಲ್ಲಿ ಸಿಕ್ಕಿದಾಗಲೆಲ್ಲ, "ಏನಯ್ಯಾ ಬಿ.ಎಸ್ಸಿ. ಡ್ರೈವರ್ರೇ, ನಮ್ ಎಂಜಿನ್ ಚೆನ್ನಾಗೈತಾ?" ಎನ್ನುತ್ತಿದ್ದರು. ಎತ್ತರದ ಆಳು, ಬಿಳಿ ಪಂಚೆ, ಬಿಳಿ ಅಂಗಿ, ಕಿವಿಯಲ್ಲಿ ಕಡುಕು. ದನಿಯಲ್ಲಿ ಹಗೆ ಇರಲಿಲ್ಲ. ಅಡಿಗೆಗೆ ಇಟ್ಟ ಸೌದೆ ಒಣಗಿತೇ ಎಂದು ಕೇಳುವ ಹಾಗೆ ಕೇಳುತ್ತಿದ್ದರು.

ಮತ್ತೆ ಅವರೆಕಾಯಿ ಕಾಲ ಬರುವ ಹೊತ್ತಿಗೆ ರುದ್ರಪ್ಪನವರು ಮನೆಗೇ ಬಂದರು. ದೊಡ್ಡ ಮಗಳು ಸರ್ವಮಂಗಳಳ ಮದುವೆ. ಗಂಡಿನ ಕಡೆಯವರು ಚನ್ನರಾಯಪಟ್ಟಣದವರು. ಹೆಣ್ಣೊಪ್ಪಿಸಿದ ಮೇಲೆ ಗಂಡು ಹೆಣ್ಣನ್ನು ಕರೆದೊಯ್ಯಲು ಕಾರು ಬೇಕು.

"ಅಣ್ಣನ ಕಾರಲ್ಲೇ ಮಗೀನ ಕಳಿಸ್ಬೇಕು ಅಂತ ಆಸೆ ಅತ್ತಿಗೆ."

"ಅದಕ್ಕೇನಪ್ಪ, ನಿನ್ ಮಗಳು ನನ್ ಮಗಳಲ್ವಾ" ಎಂದರು ಗೌರಮ್ಮನವರು. ರುದ್ರಪ್ಪನವರು ನನ್ನ ಕಡೆ ತಿರುಗಿ, "ಕಾರು ಚಪ್ಪರದ ಮುಂದೆ, ಬಾಗ್ಲಿಗೆ ಸರ್ಯಾಗಿ ನಿಲ್ಬೇಕು ಕಣಯ್ಯ. ಅಲ್ಲೆಲ್ಲೋ ಓಣೀಲಲ್ಲ" ಎಂದರು. ಓಣಿ ಎಂದಾಗ ಅವರ ಕಣ್ಣು ಒಂದಿಷ್ಟು ನಕ್ಕಿತೇ? ನಕ್ಕಿತು ಎಂದು ಆಗ ಅಂದುಕೊಂಡೆ. ಮುಂದೆ ನಡೆದದ್ದರ ಬಣ್ಣ ಹಿಂದಿನದಕ್ಕೆ ಹತ್ತಿಕೊಂಡಿರಲೂಬಹುದು.

ಅವರು ಹೋದ ಮೇಲೆ ನಾನು, "ಬೇಡಿ ಅಮ್ಮ, ಕಾರು ರಿಪೇರಿಗೆ ಹಾಸನಕ್ಕೆ ಹೋಗೈತೆ ಅನ್ನಿ" ಎಂದೆ.

"ಮಗಳ ಮದುವೆಗೆ ಇಲ್ಲ ಅಂದ್ರೆ ಆ ಕಾರ್ ಇಟ್ಕೊಂಡ್ ಏನ್ ಮಾಡ್ಲಿ ಮೇಷ್ಟ್ರೇ?" ಎಂದರು.

ಮದುವೆಯ ದಿನ ಎಂಜಿನ್ನು ಓಡುತ್ತಿದ್ದ ಹಾಗೇ ಕಾರು ತಂದು ಚಪ್ಪರದ ಮುಂದೆ ನಿಲ್ಲಿಸಿದೆ. ಪೇಟೆ ಬೀದಿ ಎರಡೂ ಕಡೆ ತುಂಬಿತ್ತು. ಎಂಜಿನ್ನು ನಿಲ್ಲಿಸದೆ ಹಾಗೇ ಕಾಯೋಣ ಎಂದು ನನ್ನ ಯೋಚನೆ. ಆದರೆ ಅದರ ಗಡಗಡ ಸದ್ದಿಗೆ ವಾಲಗ ಕೇಳುತ್ತಿರಲಿಲ್ಲ. ಹೊಗೆ ಚಪ್ಪರದೊಳಗೆ ನುಗ್ಗಿ ಮುತ್ತೈದೆಯರು ಕೆಮ್ಮಿದರು. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು ಮಂತ್ರ ನಿಲ್ಲಿಸಿ, "ಆ ಗಿರಣಿ ನಿಲ್ಸ್ರಪ್ಪಾ ಯಾರಾದ್ರೂ!" ಎಂದರು. ಜನ ನಕ್ಕರು. ರುದ್ರಪ್ಪನವರೂ ನಕ್ಕರು.

ನಾನು ಗೌರಮ್ಮನವರನ್ನು ನೋಡಿದೆ. ಅವರು ಹೆಂಗಸರ ಗುಂಪಿನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು. "ನಿಲ್ಸಿ ಮೇಷ್ಟ್ರೇ" ಎಂದು ಕೈಸನ್ನೆ ಮಾಡಿದರು.

ಗುಂಡಿ ಒತ್ತಿದೆ. ಎಂಜಿನ್ನು ಎರಡು ಸಲ ತೂಗಿ ಸತ್ತಿತು. ಕಾರು ನಿಂತದ್ದು ನನಗೆ ಅಷ್ಟು ಚೆನ್ನಾಗಿ ಯಾವತ್ತೂ ಕೇಳಿರಲಿಲ್ಲ.

ಹೆಣ್ಣೊಪ್ಪಿಸಿದರು. ಅಳು, ಆರತಿ, ಅಕ್ಷತೆ ಎಲ್ಲ ಆಯಿತು. ಗಂಡು ಹೆಣ್ಣು ಬಂದು ಹಿಂದೆ ಕೂತರು. ಬಾಗಿಲು ಹಾಕಿದ್ದಾಯಿತು. ನಾನು ಹೀಟರಿನ ಗುಂಡಿ ಎಳೆದು ಕಾಯುತ್ತಾ ಕೂತೆ. ಸುರುಳಿ ಕೆಂಪಾಯಿತು. ಮುಂದೆ ಮಾಡುವುದೇನೂ ಉಳಿದಿರಲಿಲ್ಲ. ರುದ್ರಪ್ಪನವರು ನನ್ನ ಕಿಟಕಿಗೆ ಬಾಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದರು:

"ಸೆಲ್ಫ್ ಸತ್ತೋಗಿರೋದು ನಂಗೊತ್ತು ಕಣಯ್ಯ. ಒಂದೊರ್ಷದಿಂದ ನೋಡ್ತಾವ್ನಿ, ದನ ತಗ್ಗಿಗೆ ಮೇಯೋಕ್ ಬಿಟ್ಟಂಗೆ ಕಾರ್ ಬಿಡ್ತೀಯ. ಕರಿ, ಜನಾನ ಕರಿ. ತಳ್ಳಲಿ."

ಅಷ್ಟರಲ್ಲಿ ಗಂಡಿನ ಕಡೆಯ ಒಬ್ಬಾಕೆ, ವಯಸ್ಸಾದವಳು, ಗಟ್ಟಿಯಾಗಿ ಕೇಳಿದಳು: "ಯಾಕಂತೆ, ಒರಡಕ್ಕಿಲ್ವಂತಾ? ಹೆಣ್ಣು ಕೂತೇಟ್ಗೆ ಬಂಡಿ ನಿಂತೋಯ್ತಾ?" ಅವಳ ಪಕ್ಕದವಳು ಏನೋ ಪಿಸುಗುಟ್ಟಿದಳು. ಪಿಸುಮಾತು ಚಪ್ಪರದ ಈ ತುದಿಯಿಂದ ಆ ತುದಿಗೆ ಹೋಯಿತು. ಸರ್ವಮಂಗಳ ಕನ್ನಡಿಯಲ್ಲಿ ಕಾಣುತ್ತಿದ್ದಳು. ಅಳು ನಿಲ್ಲಿಸಿ, ಬಾಗಿಲ ಹಿಡಿಯ ಮೇಲೆ ಕೈ ಇಟ್ಟು, ಇಳಿಯಬೇಕೋ ಬೇಡವೋ ಎಂದು ಅಪ್ಪನ ಮುಖ ನೋಡುತ್ತಿದ್ದಳು. ಹೊರಟು ಕೂತ ಹೆಣ್ಣು ತವರಿನ ಬಾಗಿಲಲ್ಲಿ ಮತ್ತೆ ಕೆಳಗಿಳಿದರೆ ಅದರ ಅರ್ಥ ಆ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರುದ್ರಪ್ಪನವರು ಎಂಜಿನ್ನಿನ ಲೆಕ್ಕವನ್ನೆಲ್ಲ ಹಾಕಿದ್ದರು, ಇದನ್ನು ಹಾಕಿರಲಿಲ್ಲ. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಒಂದು ಮೊಳ ದೂರದಿಂದ ನೋಡಿದೆ.

ಆಗ ಗೌರಮ್ಮನವರು ಕಂಬದ ಮರೆಯಿಂದ ಮುಂದೆ ಬಂದರು. ದನಿ ಎತ್ತರಿಸಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

"ಯಾಕಪ್ಪ ರುದ್ರಪ್ಪ, ಸುಮ್ಕೆ ನಿಂತ್ಬುಟ್ಟೆ? ನಾನು ಒರಡೋವಾಗ ನಮ್ಮಪ್ಪ ಗಾಡಿ ಗಾಲಿಗೆ ಹೆಗಲು ಕೊಟ್ಟಿದ್ರು. ಹೆಣ್ಣು ಹೆತ್ತೋರು ಹೆಗಲು ಕೊಡ್ದೆ ಬಂಡಿ ಒರಡ್ತದಾ? ಅದಕ್ಕೇ ಮೇಷ್ಟ್ರು ಕಾಯ್ತಾ ಕುಂತವ್ರೆ. ಬಾ, ಬೇಗ ಹೆಗಲು ಕೊಡು."

ಅಯ್ಯನವರು ಒಂದು ಗಳಿಗೆ ತಲೆ ಕೆರೆದುಕೊಂಡು, "ಹೌದು ಹೌದು, ಶಾಸ್ತ್ರ, ಶಾಸ್ತ್ರ" ಎಂದರು. ರುದ್ರಪ್ಪನವರು ಅತ್ತಿಗೆಯನ್ನು ನೋಡಿದರು, ಮಗಳನ್ನು ನೋಡಿದರು. ಹೆಗಲ ವಲ್ಲಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕಾರಿನ ಹಿಂದಕ್ಕೆ ಹೋದರು. ಹೆಂಡತಿಯ ಅಣ್ಣತಮ್ಮಂದಿರು ಅವರ ಪಕ್ಕ ನಿಂತರು. ನಾನು ಬ್ರೇಕು ಬಿಟ್ಟೆ.

ಕಾರು ಹೊರಟಿತು. ಸದ್ದಿಲ್ಲದೆ ಹೊರಟಿತು. ವಾಲಗದವರು ಊದುವುದನ್ನು ಮರೆತು ನಿಂತಿದ್ದರು. ಅಕ್ಕಿಕಾಳು ಗಾಜಿನ ಮೇಲಿಂದ ಒಂದೊಂದೇ ಜಾರುತ್ತಿದ್ದವು. ಮನೆಗಳು, ಮುಖಗಳು, ಬಾಳೆಕಂಬಗಳು ನೀರಿನಲ್ಲಿ ಕಂಡಂತೆ ನಿಧಾನವಾಗಿ ಹಿಂದಕ್ಕೆ ಸರಿದವು. ಹಿಂದಿನಿಂದ ರುದ್ರಪ್ಪನವರ ಏದುಸಿರು ಕೇಳುತ್ತಿತ್ತು. ನಾನು ಕ್ಲಚ್ಚು ಬಿಟ್ಟೆ. ಎಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಬಿಳಿ ಪಂಚೆಯ ರುದ್ರಪ್ಪನವರು ಮಸಿಹೊಗೆಯೊಳಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದರು.

ಚನ್ನರಾಯಪಟ್ಟಣದವರೆಗೆ ನಾನು ಏನು ಯೋಚಿಸಿದೆನೋ ತಿಳಿಯದು. ನಾಲ್ಕು ಜನರಲ್ಲ, ಇಡೀ ಬೀದಿಯೇ ನೋಡಿತ್ತು. ವರ್ಷಗಳು ಕಳೆದ ಮೇಲೆ ಸರ್ವಮಂಗಳಮ್ಮನವರು ಹಾಸನದಲ್ಲಿ ಸಿಕ್ಕಿದ್ದರು. ಕೇಳಿದರೆ, "ತಳ್ಳಿದ್ರಾ? ಇಲ್ಲಪ್ಪ, ಕಾರು ತಾನೇ ಹೊರಡ್ತು" ಎಂದರು. ಅದೇ ಪೇಟೆ ಬೀದಿಯಲ್ಲಿ ಮುಂದೆ ಒಂದು ಮದುವೆಗೆ ಹೋದಾಗ, ಏನೂ ಕೆಡದ ಹೊಸ ಕಾರನ್ನು ಹೆಣ್ಣಿನ ತಂದೆ ನಾಲ್ಕು ಹೆಜ್ಜೆ ತಳ್ಳಿದ್ದನ್ನು ಕಂಡೆ. ಇದೇನು ಎಂದು ಪಕ್ಕದವನನ್ನು ಕೇಳಿದೆ. "ತಾತನ ಕಾಲದ ಶಾಸ್ತ್ರ ಸಾ" ಎಂದ. ಆ ಶಾಸ್ತ್ರ ನಮ್ಮ ಕಾರಿನಿಂದ ಹುಟ್ಟಿತೋ, ನಿಜಕ್ಕೂ ತಾತನ ಕಾಲದ್ದೋ, ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ಆದ್ದರಿಂದ ಮದುವೆಯ ಮಾರನೆಯ ಬೆಳಿಗ್ಗೆ ನಾನೇ ಕಿವಿಯಾರೆ ಕೇಳಿದ್ದನ್ನು ಕೇಳಿದಷ್ಟೇ ಬರೆದು ನಿಲ್ಲಿಸುತ್ತೇನೆ.

ಗೌರಮ್ಮನವರು ಹಿತ್ತಿಲ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕಾರು ತೊಳೆಯುತ್ತಿದ್ದೆ. ರುದ್ರಪ್ಪನವರು ಬಂದು ಜಗಲಿಯ ಅಂಚಿನಲ್ಲಿ ಕೂತರು. ಕಾಫಿ ಬಂತು.

"ಕಾರ್ ತಳ್ಳಿದ್ನ ಜನ ಎಲ್ಲಾ ನೋಡವ್ರೆ ಅತ್ತಿಗೆ."

"ನೋಡವ್ರೆ."

"ಮಾತು ಅಂದ್ರೆ ಮಾತು."

"ಮಾತು ಅಂದ್ರೆ ಮಾತೇಯ. ಬಿಚ್ಕೊಂಡೋಗು. ಮೇಷ್ಟ್ರೇ, ಅವ್ರಿಗೆ ಸ್ಪಾನರ್ ಕೊಡಿ."

ನನ್ನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ರುದ್ರಪ್ಪನವರು ಸ್ಪಾನರಿಗೆ ಕೈ ಚಾಚಲಿಲ್ಲ. ನನ್ನ ಕಡೆ ನೋಡಿ, "ದಾರೀಲಿ ಎಲ್ಲೂ ನಿಲ್ಲಲಿಲ್ವಾ?" ಎಂದು ಕೇಳಿದರು.

"ಇಲ್ಲ. ಮನೆ ಬಾಗಿಲಿಗೇ ಇಳಿಸಿ ಬಂದೆ."

"ಅಳ್ತಿದ್ಲಾ?"

"ಹೊಳೆ ಸೇತುವೆವರೆಗೆ. ಆಮೇಲೆ ನಿದ್ದೆ ಹೋದ್ರು."

ಅವರು ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. "ಅತ್ತಿಗೆ, ನಿಮ್ಮಪ್ಪ ನಿಜವಾಗ್ಲೂ ಗಾಡಿಗೆ ಹೆಗಲು ಕೊಟ್ಟಿದ್ರಾ? ಅಣ್ಣನ ಮದುವೇಲಿ ನಾನೂ ಇದ್ದೆ. ನಂಗೆ ಗ್ಯಾಪ್ನವೇ ಇಲ್ವಲ್ಲ."

"ನಂಗೂ ಸರ್ಯಾಗಿ ಗ್ಯಾಪ್ನ ಇಲ್ಲ ಕಣಪ್ಪ" ಎಂದರು ಗೌರಮ್ಮನವರು, ಕಾಯಿಯಿಂದ ಕಣ್ಣೆತ್ತದೆ. "ನೀನು ಕೊಟ್ಟಿದ್ದು ಮಾತ್ರ ಚೆನ್ನಾಗಿ ಗ್ಯಾಪ್ನ ಐತೆ."

ರುದ್ರಪ್ಪನವರು ವಲ್ಲಿ ಕೊಡವಿಕೊಂಡು ಎದ್ದರು. ಕಾರಿನ ಸುತ್ತ ಒಂದು ಸಲ ಬಂದು, ನಿನ್ನೆ ತಾವು ಕೈ ಇಟ್ಟಿದ್ದ ಜಾಗವನ್ನು ನೋಡಿ, ನನ್ನ ಹತ್ತಿರ ನಿಂತರು.

"ಏ ಬಿ.ಎಸ್ಸಿ., ಬೊಂಬಾಯಿಂದ ಆ ಸೆಲ್ಫ್ ಬೇಗ ತರ್ಸಯ್ಯ. ಎರಡನೇ ಮಗಳೂ ಅವ್ಳೆ. ಬೆನ್ನು ಇಡ್ಕೊಂಡೈತೆ ನಂಗೆ."